ನನ್ನ ಬೆರಳು ನಂಬಿ ರೈಲು ಹತ್ತಿದವರು

ನಮ್ಮ ರೈಲಿಗೆ ಚಾಲಕನಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಇದನ್ನು ತಿಳಿದುಕೊಂಡರೆ ಒಳ್ಳೆಯದು. ರೈಲು ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ. ಪ್ಲಾಟ್‌ಫಾರ್ಮಿನ ಗಾಜಿನ ಬಾಗಿಲುಗಳು ತಾವಾಗಿ ತೆರೆದು ತಾವಾಗಿ ಮುಚ್ಚಿಕೊಳ್ಳುತ್ತವೆ. ಮುಂದಿನ ನಿಲ್ದಾಣ ಯಾವುದೆಂದು ಅರಬ್ಬಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ರೈಲು ಹೊರಟುಹೋಗುತ್ತದೆ. ಹಾಗಾದರೆ ಸಮವಸ್ತ್ರ ತೊಟ್ಟ ನೀವೆಲ್ಲ ಅಲ್ಲಿ ಎಂತ ಮಾಡುತ್ತೀರಿ ಎಂದು ನನ್ನ ಗಂಡ ಮೊದಲ ದಿನವೇ ಕೇಳಿದ್ದರು.

"ನೋಡ್ತೇವೆ" ಎಂದೆ.

"ನೋಡ್ಲಿಕ್ಕೆ ಸಂಬಳ ಕೊಡ್ತಾರಾ? ಹಾಗಾದ್ರೆ ನನ್ನನ್ನೂ ಸೇರಿಸು. ಅಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಾನು ಮಾಡುದು ಅದೇ ಅಲ್ವಾ" ಎಂದರು. ಅವರದು ದೋಹಾದ ಅಲ್ ಹಿಲಾಲ್ ಬಡಾವಣೆಯಲ್ಲಿ ಗುಂಡಿ, ನೂಲು, ಜಿಪ್ಪು ಮಾರುವ ಸಣ್ಣ ಅಂಗಡಿ.

ಅದಕ್ಕೆ ಮೊದಲು ಹದಿನಾಲ್ಕು ವರ್ಷ ನಾನು ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಬಸ್ಸಿನ ಆಯಾ ಆಗಿದ್ದೆ. ನಾನು ಪುತ್ತೂರಿನವಳು, ಮನೆಮಾತು ತುಳು. ಬಸ್ಸಿನಲ್ಲಿ ಗಲಾಟೆ ಮಾಡುವ ಮಕ್ಕಳತ್ತ ಬೆರಳು ತೋರಿಸಿದರೆ ಸಾಕು, ಕುಳಿತುಬಿಡುತ್ತಿದ್ದವು. ಬೆರಳಿಗೆ ಅಷ್ಟು ಶಕ್ತಿ ಇರುವುದು ಒಳ್ಳೆಯದಲ್ಲವೆಂದು ಆಗ ಗೊತ್ತಿರಲಿಲ್ಲ.

ಮೆಟ್ರೊ ಕೆಲಸಕ್ಕೆ ಆಯ್ಕೆಯಾದ ಮೇಲೆ ನನ್ನನ್ನೂ ನೌಶಾದನನ್ನೂ ಮೂರು ವಾರದ ತರಬೇತಿಗೆ ಜಪಾನಿಗೆ ಕಳಿಸಿದರು. ನೌಶಾದ್ ಉಳ್ಳಾಲದ ಕಡೆಯ ಬ್ಯಾರಿ ಹುಡುಗ. ಹುಡುಗ ಎಂದು ನಾನು ಹೇಳುವುದು ಅಷ್ಟೆ, ಅವನಿಗೆ ಮೂರು ಮಕ್ಕಳು. ಜಪಾನ್ ಎಂದರೆ ಬಾಣದಂತೆ ಓಡುವ ರೈಲು, ಆಕಾಶಕ್ಕೆ ತಾಗುವ ಕಟ್ಟಡ ಎಂದುಕೊಂಡು ನಾವು ಹೋದರೆ, ನಮ್ಮನ್ನು ಕರೆದೊಯ್ದದ್ದು ಟೋಕಿಯೊ ನಗರದಿಂದ ಒಂದು ಗಂಟೆ ದೂರದ ಉಪನಗರದ ಸಣ್ಣ ನಿಲ್ದಾಣಕ್ಕೆ. ಎರಡೇ ಹಳಿ. ಕೆಳಗೆ ಸೈಕಲ್ ನಿಲ್ಲಿಸುವ ಜಾಗ, ಪಕ್ಕದಲ್ಲಿ ಒಂದು ಬೇಕರಿ. ಬೆಳಿಗ್ಗೆ ಊರಿಗೆ ಊರೇ ಕೆಲಸಕ್ಕೆ ಹೊರಟು ನೆಲದಲ್ಲಿ ಬರೆದ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. "ಅಕ್ಕ, ಇವರೆಲ್ಲ ಜಗಳ ಮಾಡ್ಕೊಂಡು ಬಂದದ್ದಾ?" ಎಂದು ನೌಶಾದ್ ಪಿಸುಗುಟ್ಟಿದ್ದ.

ಅಲ್ಲಿಯ ಸ್ಟೇಷನ್ ಮಾಸ್ತರರು ಮೊರಿತ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದಂತೆ. ಬಿದಿರಿನ ಕೋಲಿನಂಥ ತೆಳ್ಳಗಿನ ಮನುಷ್ಯ, ಐವತ್ತೆಂಟು ವಯಸ್ಸು, ಕೈಗೆ ಯಾವಾಗಲೂ ಬಿಳಿ ಗವಸು. ನಾವು ಹೋದ ಎರಡನೆಯ ವಾರ ಮಧ್ಯಾಹ್ನದ ಒಂದು ರೈಲು ಹೊತ್ತಿಗಿಂತ ಹದಿನೈದು ಸೆಕೆಂಡು ಮೊದಲೇ ಹೊರಟುಬಿಟ್ಟಿತು. ಮೊರಿತ ಸಾನ್ ಮುಖ ಬಿಳುಚಿಕೊಂಡಿತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. ರೈಲು ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಆದರೆ ತಪ್ಪಾಗಿದೆ, ಯಾರ ಹತ್ತಿರವಾದರೂ ಕ್ಷಮೆ ಕೇಳಲೇಬೇಕು. ಅಲ್ಲಿದ್ದದ್ದು ನಾನೊಬ್ಬಳೇ, ಕೈಯಲ್ಲಿ ಬೇಕರಿಯ ಬನ್ನು ಹಿಡಿದುಕೊಂಡು. ಅವರು ನೇರವಾಗಿ ಬಂದು ನನ್ನ ಮುಂದೆ ಸೊಂಟದವರೆಗೆ ಬಾಗಿದರು.

"ಪರವಾಗಿಲ್ಲ ಸರ್, ಇನ್ನೊಂದು ರೈಲು ಬರ್ತದಲ್ಲ" ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಅರ್ಥವೇನೆಂದು ಕೇಳಿ ತಿಳಿದುಕೊಂಡರು. ಸಂಜೆ ಅವರು ಬರೆದ ವರದಿಯಲ್ಲಿ 'ಪ್ರಯಾಣಿಕರ ಪರವಾಗಿ ಒಬ್ಬ ಮಹಿಳೆ ಕ್ಷಮಿಸಿದ್ದಾರೆ' ಎಂದಿತ್ತು.

ಕೆಲವು ತಿಂಗಳಾದ ಮೇಲೆ ಅದೇ ಮೊರಿತ ಸಾನ್ ದೋಹಾಕ್ಕೆ ಬಂದರು. ಉಮ್ಮ್ ಸಲಾಲ್ ಕಡೆಗೆ ಹೋಗುವ ಹೆದ್ದಾರಿಯ ಪಕ್ಕ, ಸುತ್ತ ಮರಳು, ದೂರದಲ್ಲಿ ಒಂದಷ್ಟು ವಿಲ್ಲಾಗಳು, ಅದರಾಚೆ ಕಾರ್ಮಿಕರ ವಸತಿ ಇರುವ ನಮ್ಮ ನಿಲ್ದಾಣದ ಮೇಲ್ವಿಚಾರಣೆ ಅವರದಾಯಿತು. ತಮ್ಮ ಉಪನಗರದ ನಿಲ್ದಾಣವನ್ನು ಹಾಗೆಯೇ ಇಲ್ಲಿಗೆ ತರುವುದೆಂದು ಅವರು ನಿರ್ಧರಿಸಿಯೇ ವಿಮಾನ ಹತ್ತಿದ್ದರು.

ಮೊದಲು ಬಂದದ್ದು ಕಳೆದುಹೋದ ವಸ್ತುಗಳ ಪುಸ್ತಕ. ಜಪಾನಿನಲ್ಲಿ ಜನ ಕೊಡೆ ಬಿಟ್ಟು ಹೋಗುತ್ತಾರೆ. ಇಲ್ಲಿ ಮಳೆಯೇ ಇಲ್ಲ, ಕೊಡೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಬಿಟ್ಟುಹೋದದ್ದು ಒಂದು ಕಂದು ಬಣ್ಣದ ಕೈಚೀಲ. ಪುಸ್ತಕದ ನಿಯಮದಂತೆ ವಸ್ತುವನ್ನು ಬಿಚ್ಚಿ ವಿವರ ಬರೆದು ಏಳು ದಿನ ಇಟ್ಟುಕೊಳ್ಳಬೇಕು. ನಾನು ರಜೆಯಲ್ಲಿದ್ದ ದಿನ ಮೊರಿತ ಸಾನ್ ಅವರೇ ಅದನ್ನು ಬಿಚ್ಚಿ, 'ಒಣಗಿದ ಸಣ್ಣ ಜೀವಿಗಳು, ಮೀಸೆ ಇವೆ' ಎಂದು ಬರೆದಿದ್ದರು. ಮರುದಿನ ಬಾಗಿಲು ತೆಗೆದ ಕೂಡಲೇ ನನಗೆ ವಾಸನೆ ಗೊತ್ತಾಯಿತು. ಅದು ಒಣ ಸಿಗಡಿ. ಊರಿಂದ ಯಾರೋ ಕಟ್ಟಿಸಿಕೊಂಡು ಬಂದದ್ದು.

ನಮ್ಮದು ಕಿಟಕಿಯಿಲ್ಲದ ಏಸಿ ಕೋಣೆ. ಮೂರನೆಯ ದಿನ ಮೇಲಿನ ಆಫೀಸಿನಿಂದ ಬಂದ ಒಬ್ಬ ಇಂಜಿನಿಯರ್ ಮೂಗು ಮುಚ್ಚಿಕೊಂಡು ಓಡಿಹೋಗಿ ಗ್ಯಾಸ್ ಸೋರಿಕೆ ಎಂದು ದೂರು ಕೊಟ್ಟ. ಸುರಕ್ಷತೆಯವರು ಮೀಟರ್ ಹಿಡಿದುಕೊಂಡು ಬಂದರು. ಮೀಟರ್ ಏನೂ ಇಲ್ಲ ಎನ್ನುತ್ತಿತ್ತು, ಮೂಗು ಕೇಳುತ್ತಿರಲಿಲ್ಲ. "ಸರ್, ಇದನ್ನು ಹೊರಗೆ ಇಡುವ" ಎಂದು ನಾನು ಬೇಡಿಕೊಂಡೆ. "ಪ್ರಯಾಣಿಕರ ಆಸ್ತಿ. ಸಿಕ್ಕ ಸ್ಥಿತಿಯಲ್ಲೇ ಮರಳಿಸಬೇಕು" ಎಂದರು.

ಐದನೆಯ ದಿನ ವಾರಸುದಾರ ಬಂದ. ಸುರತ್ಕಲ್ಲಿನವನು, ಒಂದು ಲಾಂಡ್ರಿಯಲ್ಲಿ ಕೆಲಸ. ಗುರುತು ಹೇಳಬೇಕೆಂದಾಗ ಅವನು ತುಳುವಿನಲ್ಲಿ ನನ್ನ ಹತ್ತಿರ, "ಅಕ್ಕ, ಸಿಗಡಿಗೆ ಎಂಥ ಗುರುತು ಹೇಳುದು? ಒಂದರ ಹಾಗೆ ಇನ್ನೊಂದು ಇರ್ತದೆ" ಎಂದ. ನಾನು ಅದನ್ನು ಭಾಷಾಂತರಿಸಿದೆ. ಮೊರಿತ ಸಾನ್ ತುಂಬಾ ಹೊತ್ತು ಯೋಚಿಸಿ, ಉತ್ತರ ಪ್ರಾಮಾಣಿಕವಾಗಿದೆ ಎಂದು ಚೀಲ ಕೊಟ್ಟರು. ಅವನು ಹೋದ ಮೇಲೂ ಒಂದು ವಾರ ನಮ್ಮ ಸಮವಸ್ತ್ರಗಳಿಂದ ಸಿಗಡಿ ಹೋಗಲಿಲ್ಲ. ನನ್ನ ಗಂಡ ಮಾತ್ರ ದಿನವೂ ಬಾಗಿಲಲ್ಲಿ ನಿಂತು, "ಇವತ್ತು ಸಿಗಡಿ ಚಟ್ನಿ ಉಂಟಾ?" ಎಂದು ಆಸೆಯಿಂದ ಕೇಳುತ್ತಿದ್ದರು.

ಆಮೇಲೆ ಬಂದದ್ದು ತಡದ ಚೀಟಿ. ಅವರ ಊರಿನಲ್ಲಿ ರೈಲು ಐದು ನಿಮಿಷ ತಡವಾದರೂ ನಿಲ್ದಾಣದವರು ಒಂದು ಸಣ್ಣ ಚೀಟಿ ಕೊಡುತ್ತಾರೆ. ಜನ ಅದನ್ನು ಆಫೀಸಿನಲ್ಲಿ ತೋರಿಸಿ, ತಪ್ಪು ನಮ್ಮದಲ್ಲ, ರೈಲಿನದು ಎನ್ನಬಹುದು. ಮೊರಿತ ಸಾನ್ ಇಲ್ಲಿಯೂ ಒಂದು ಕಟ್ಟು ಚೀಟಿ ಅಚ್ಚು ಹಾಕಿಸಿದರು. ಆದರೆ ನಮ್ಮ ರೈಲು ತಡವಾಗುತ್ತಲೇ ಇರಲಿಲ್ಲ. ಕಟ್ಟು ಮೇಜಿನ ಮೇಲೆ ಹಾಗೇ ಕುಳಿತಿತ್ತು. ಆದರೂ ಸುದ್ದಿ ಹಬ್ಬಿತು. ಒಂದು ಸಂಜೆ ನಮ್ಮ ಊರಿನ ಕಡೆಯವರೇ ಒಬ್ಬರು, ಯಾವುದೋ ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿರುವವರು, ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕ, ಎರಡು ಗಂಟೆ ಲೇಟ್ ಅಂತ ಒಂದು ಚೀಟಿ ಆಗ್ಬಹುದಾ?"

"ಯಾವ ಆಫೀಸಿಗೆ?"

"ಆಫೀಸಿಗಲ್ಲ, ಮನೆಗೆ. ಸೂಕ್ ವಾಕಿಫ್ ಪೇಟೆಯಲ್ಲಿ ಫ್ರೆಂಡ್ಸ್ ಜೊತೆ ಕೂತದ್ದು, ಟೈಮ್ ಹೋದದ್ದೇ ಗೊತ್ತಾಗ್ಲಿಲ್ಲ."

ಮೊರಿತ ಸಾನ್ ಅವರಿಗೆ ವಿಷಯ ತಿಳಿಸಿದೆ. ಅವರು ಆ ಮನುಷ್ಯನಿಗೆ ಬಾಗಿ, ರೈಲು ತಡವಾಗದಿರುವುದಕ್ಕೆ ಕ್ಷಮೆ ಕೇಳಿದರು. ಆದರೆ ಚೀಟಿ ಕೊಡಲಿಲ್ಲ.

ಇನ್ನು ಬೆರಳಿನ ವಿಷಯ. ಜಪಾನಿನ ರೈಲ್ವೆಯವರು ಯಾವುದನ್ನೂ ಕಣ್ಣಿನಿಂದ ನೋಡಿ ಸುಮ್ಮನಾಗುವುದಿಲ್ಲ. ನೋಡಿದ್ದನ್ನು ಬೆರಳು ಚಾಚಿ ತೋರಿಸಿ, ಗಟ್ಟಿಯಾಗಿ ಕೂಗಿ ಹೇಳುತ್ತಾರೆ. ಹಾಗೆ ಮಾಡಿದರೆ ಮನಸ್ಸು ಆಚೀಚೆ ಹೋಗುವುದಿಲ್ಲ, ತಪ್ಪುಗಳು ಕಡಿಮೆಯಾಗುತ್ತವೆ. ಇದು ನಿಜ, ನಾನೇ ಮಾಡಿ ನೋಡಿದ್ದೇನೆ. ಗ್ಯಾಸ್ ಆಫ್ ಮಾಡಿದೆನೇ ಎಂದು ಅರ್ಧ ದಾರಿಯಿಂದ ಮನೆಗೆ ಮರಳುವ ಅಭ್ಯಾಸ ಅಂದಿನಿಂದ ತಪ್ಪಿತು. ಹೊಸಬರು ಇದನ್ನು ನಗಾಡದೆ ಕಲಿಯಬೇಕು.

ಯಾವ ಭಾಷೆಯಲ್ಲಿ ಕೂಗುವುದು ಎಂದು ನೌಶಾದ್ ಕೇಳಿದ. "ನಿಮ್ಮ ಭಾಷೆಯಲ್ಲೇ ಕೂಗಿ. ಬಾಯಿ ಹೇಳಿದ್ದು ಮನಸ್ಸಿಗೆ ಕೇಳಬೇಕು" ಎಂದರು ಮೊರಿತ ಸಾನ್. ತುಳುವಿನಲ್ಲಿ ಕೂಗಿದರೆ ಮಂಗಳೂರಿನವರು ನಗುತ್ತಾರೆ ಎಂದು ನಾನು ಕನ್ನಡ ಆರಿಸಿಕೊಂಡೆ. ರೈಲಿನ ಬಾಗಿಲು ಸರಿಯಾಗಿದ್ದರೆ ಅದರತ್ತ ಕೈ ಚಾಚಿ "ಬಾಗಿಲು ಸರಿ!" ಗಡಿಯಾರದತ್ತ "ಗಡಿಯಾರ ಸರಿ!" ಲಿಫ್ಟಿನತ್ತ "ಲಿಫ್ಟು ಸರಿ!" ಶಾಲಾ ಬಸ್ಸಿನ ಗಂಟಲು ನನ್ನದು. ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸುತ್ತಿತ್ತು.

ನಮ್ಮದು ನಡುವೆ ಪ್ಲಾಟ್‌ಫಾರ್ಮು, ಎರಡೂ ಬದಿಗೆ ಹಳಿ ಇರುವ ನಿಲ್ದಾಣ. ಎಡಗಡೆಯ ರೈಲು ದೋಹಾ ನಗರದೊಳಕ್ಕೆ, ಬಲಗಡೆಯದು ಅದರ ವಿರುದ್ಧ ದಿಕ್ಕಿಗೆ. ಒಂದು ಬೆಳಿಗ್ಗೆ ಏಳೂಕಾಲಿನ ಹೊತ್ತಿಗೆ ಎರಡೂ ಒಟ್ಟಿಗೆ ಬಂದವು. ನಡುವೆ ಹತ್ತು ಹನ್ನೆರಡು ಮಂದಿ ಕಾರ್ಮಿಕರು ಯಾವುದನ್ನು ಹತ್ತುವುದೆಂದು ತಿಳಿಯದೆ ನಿಂತಿದ್ದರು. ನನ್ನ ಲಕ್ಷ್ಯ ಅವರ ಮೇಲೆ ಇರಲಿಲ್ಲ. ನಾನು ಬಲಗಡೆಗೆ ಕೈ ಚಾಚಿ "ಬಾಗಿಲು ಸರಿ!" ಎಂದು ಕೂಗಿದೆ. ಗುಂಪಿನಿಂದ "ಇದ ಬಾಗಿಲ ಸರಿ ಅಂತ್ರೋ! ಹತ್ರಿ, ಹತ್ರಿ!" ಎಂದು ಯಾರೋ ಒದರಿದರು. ನಾನು ತಿರುಗುವಷ್ಟರಲ್ಲಿ ಅಷ್ಟೂ ಜನ ಬಲಗಡೆಯ ರೈಲಿನೊಳಗಿದ್ದರು. ಒಬ್ಬ ಗಾಜಿನೊಳಗಿಂದ ನನಗೆ ಕೈ ಮುಗಿಯುತ್ತಿದ್ದ.

ಹಾಗೆ ಕೈ ಮುಗಿದವನು ಬಸವರಾಜ. ಒಂಬತ್ತು ಗಂಟೆಗೆ ಅವನೊಬ್ಬನೇ ಮರಳಿ ಬಂದ. ಗದಗದ ಕಡೆಯವನು, ಪೈಪು ಬೆಸೆಯುವ ವೆಲ್ಡರ್. ಇಸ್ತ್ರಿ ಮಾಡಿದ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು.

"ಅಕ್ಕಾರ, ರೈಲ್ ಲೇಟ್ ಆತು ಅಂತ ಒಂದ ಚೀಟಿ ಕೊಡ್ತೀರಂತಲ್ರಿ. ನನಗೊಂದ ಕೊಡ್ರಿ."

"ರೈಲು ಲೇಟಾಗಲಿಲ್ಲ ಮಾರಾಯ. ನೀವು ತಪ್ಪು ರೈಲು ಹತ್ತಿದ್ದು. ಯಾಕೆ ಹತ್ತಿದ್ದು?"

ಅವನು ನನ್ನ ಮುಖ ನೋಡಿದ. "ನೀವ ಹೇಳಿದ್ರಲ್ರಿ, ಬಾಗಿಲು ಸರಿ ಅಂತ. ಎರಡ ವರ್ಷದಾಗ ಈ ಊರಾಗ ಯಾರೂ ನನಗ ಕನ್ನಡದಾಗ ದಾರಿ ತೋರ್ಸಿದ್ದಿಲ್ಲ. ನಮ್ಮವ್ರು ಹೇಳಾಕತ್ತಾರ ಅಂತ ಹತ್ತಿಬಿಟ್ವಿ."

ಅವನನ್ನು ಬೆಂಚಿನ ಮೇಲೆ ಕೂರಿಸಿ ವಿಚಾರಿಸಿದೆ. ಉಳಿದವರು ರಜೆಯ ದಿನ ಪೇಟೆ ನೋಡಲು ಹೊರಟವರು, ಅವರಿಗೇನೂ ನಷ್ಟವಾಗಿಲ್ಲ ಎಂದ. ಬಸವರಾಜನಿಗೆ ಮಾತ್ರ ಎಂಟು ಗಂಟೆಗೆ ಅಲ್ ಹಿಲಾಲ್‌ನ ಒಂದು ಆಫೀಸಿನ ಮುಂದೆ ಇರಬೇಕಿತ್ತು. ಅಲ್ಲಿಂದ ಅವರ ವ್ಯಾನು ವೆಲ್ಡಿಂಗ್ ಪರೀಕ್ಷೆಯ ಜಾಗಕ್ಕೆ ಕರೆದೊಯ್ಯುತ್ತದೆ. ಇವನು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ರೈಲು ಹಿಡಿದು ಅಲ್ಲಿಗೆ ಮುಟ್ಟಿದಾಗ ವ್ಯಾನು ಹೋಗಿಯಾಗಿತ್ತು. ಅವನ ಹಳೆಯ ಕಂಪನಿಯ ಕೆಲಸ ಮುಗಿದು ತಿಂಗಳ ಕೊನೆಗೆ ಎಲ್ಲರನ್ನೂ ಊರಿಗೆ ಕಳಿಸುವವರಿದ್ದರು. ಈ ಪರೀಕ್ಷೆ ಪಾಸಾದರೆ ಹೊಸ ಕಂಪನಿಯಲ್ಲಿ ಕೆಲಸ ಸಿಕ್ಕಿ ಇಲ್ಲೇ ಉಳಿಯಬಹುದಿತ್ತು. ಊರಿನಲ್ಲಿ ತಂಗಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿ ಇತ್ತು.

ಮೊರಿತ ಸಾನ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದೆಂದೂ ಹೇಳಿದೆ. ಒಂದು ಚೀಟಿ ಬರೆದುಕೊಟ್ಟರೆ ಯಾರಿಗೂ ತೊಂದರೆಯಿಲ್ಲವಲ್ಲ ಎಂದೂ ಸೇರಿಸಿದೆ.

"ರೈಲು ಸಮಯಕ್ಕೆ ಸರಿಯಾಗಿತ್ತು. ಚೀಟಿಯಲ್ಲಿ ರೈಲು ತಡವಾಯಿತೆಂದು ಬರೆಯಲು ಬರುವುದಿಲ್ಲ" ಎಂದರು. ಆಮೇಲೆ, "ನಡೆದದ್ದನ್ನು ನಾನು ನೋಡಬೇಕು" ಎಂದು ಎದ್ದರು.

ಹೀಗೆ ಬೆಳಗಿನ ಒಂಬತ್ತೂಮುಕ್ಕಾಲಿಗೆ ಆ ಘಟನೆಯನ್ನು ಇನ್ನೊಮ್ಮೆ ನಡೆಸಲಾಯಿತು. ನಾನು ನನ್ನ ಜಾಗದಲ್ಲಿ ನಿಂತೆ, ಬಸವರಾಜ ಅವನ ಜಾಗದಲ್ಲಿ. ಉಳಿದ ಹತ್ತು ಜನರ ಪಾತ್ರ ನೌಶಾದನದು. ಮೊರಿತ ಸಾನ್ ನೋಟ್‌ಬುಕ್ಕು ಹಿಡಿದು ಕಂಬದ ಪಕ್ಕ ನಿಂತರು. ಬಲಗಡೆಯ ರೈಲು ಬಂತು. ನಾನು ಕೈ ಚಾಚಿ, ಬೆಳಿಗ್ಗೆ ಕೂಗಿದ ಹಾಗೆಯೇ "ಬಾಗಿಲು ಸರಿ!" ಎಂದೆ. ಬಸವರಾಜ ಓಡಿದ ಹಾಗೆ ಮಾಡಿ ನಿಂತ. ನೌಶಾದ್ ಹತ್ತು ಜನರ ಹಾಗೆ ಓಡಿದ. ಅವರಿಬ್ಬರ ಹಿಂದೆ, ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದಿದ್ದ ವಯಸ್ಸಾದ ಮಲಯಾಳಿ ಒಬ್ಬರು ನನ್ನ ಬೆರಳು ನೋಡಿ ಗಡಬಡಿಸಿ ನಿಜವಾಗಿಯೇ ರೈಲು ಹತ್ತಿಬಿಟ್ಟರು. ಬಾಗಿಲು ಮುಚ್ಚಿತು.

"ಅಕ್ಕ, ಇನ್ನೊಂದು ಹೋಯ್ತು!" ಎಂದು ನೌಶಾದ್ ಕೂಗಿದ.

ಮೊರಿತ ಸಾನ್ ಗಡಿಯಾರ ನೋಡಿ ಬರೆದುಕೊಂಡರು. "ಸಾಬೀತಾಯಿತು" ಎಂದರು. ಮುಖದಲ್ಲಿ ನಗುವಿರಲಿಲ್ಲ. ಮುಂದಿನ ರೈಲಿಗೆ ಆ ಹಿರಿಯರು ಮರಳಿ ಬಂದಾಗ ಮೊರಿತ ಸಾನ್ ಅವರ ಮುಂದೆ ಬಾಗಿ, ಅಷ್ಟರಲ್ಲಿ ತಾವೇ ಕೈಯಲ್ಲಿ ಬರೆದಿದ್ದ ಹೊಸ ಮಾದರಿಯ ಚೀಟಿಯನ್ನು ಎರಡೂ ಕೈಯಿಂದ ಕೊಟ್ಟರು. "ಇದೆಂದಾ ಮೋಳೇ?" ಎಂದು ಅವರು ನನ್ನನ್ನು ಕೇಳಿದರು. ಇದೇನು ಮಗಳೇ ಎಂದು. ಅವರು ಅದರಲ್ಲಿ ಕರಿಬೇವು ಸುತ್ತಿಕೊಂಡು ಹೋದರು.

ಅಂಥದೇ ಎರಡನೆಯ ಚೀಟಿ ಬಸವರಾಜನದು. ಅದರಲ್ಲಿ ಹೀಗಿತ್ತು: 'ರೈಲು: ಸಮಯಕ್ಕೆ ಸರಿ. ಪ್ರಯಾಣಿಕ: ಹದಿನೆಂಟು ನಿಮಿಷ ತಡ. ಕಾರಣ: ನಿಲ್ದಾಣದ ಸಿಬ್ಬಂದಿಯ ಬಲಗೈ ತೋರುಬೆರಳು ಹಾಗೂ ಆಕೆಯ ಮಾತೃಭಾಷೆ.'

"ಸರ್, ನನ್ನ ಮಾತೃಭಾಷೆ ತುಳು" ಎಂದೆ. ಅವರು ಕ್ಷಮೆ ಕೇಳಿ, 'ಮಾತೃಭಾಷೆ' ಹೊಡೆದುಹಾಕಿ 'ಕನ್ನಡ ಭಾಷೆ' ಎಂದು ತಿದ್ದಿ, ತಿದ್ದಿದ ಜಾಗದಲ್ಲಿ ಮೊಹರು ಒತ್ತಿದರು. ಆಮೇಲೆ ಟೋಪಿ ಹಾಕಿಕೊಂಡು, "ನಡೆಯಿರಿ, ನಾವೇ ಹೋಗಿ ಹೇಳಬೇಕು" ಎಂದರು.

ಟ್ಯಾಕ್ಸಿ ಬೇಡ, ರೈಲಿನವರು ರೈಲಿನಲ್ಲೇ ಹೋಗಬೇಕೆಂದು ಹಟ ಹಿಡಿದರು. ರೈಲು ಇಳಿದ ಮೇಲೆ ಬಿಸಿಲಿನಲ್ಲಿ ನಡೆದೆವು. ಮುಂದೆ ಟೋಪಿ, ಗವಸಿನ ಮೊರಿತ ಸಾನ್, ಹಿಂದೆ ಸಮವಸ್ತ್ರದ ನಾನು, ನಡುವೆ ಫೈಲು ಎದೆಗೊತ್ತಿಕೊಂಡ ಬಸವರಾಜ. ನನ್ನ ಗಂಡನ ಅಂಗಡಿಯ ಮುಂದೆಯೇ ಹಾದು ಹೋದೆವು. ಅವರು ಹೊರಗೆ ಬಂದು, "ಯಾರನ್ನು ಹಿಡಿದದ್ದು?" ಎಂದು ಕೇಳಿದರು.

ಆ ಆಫೀಸಿನಲ್ಲಿ ಕುಳಿತಿದ್ದವರು ಹಾನಿ ಎಂಬ ಈಜಿಪ್ಟಿನವರು. ದೊಡ್ಡ ದೇಹ, ಮೇಜಿನ ತುಂಬ ಕಾಗದ, ಪ್ರತಿ ಎರಡು ನಿಮಿಷಕ್ಕೊಮ್ಮೆ ಫೋನು. ಬಸವರಾಜನನ್ನು ಕಂಡ ಕೂಡಲೇ, "ನಿನಗೆ ಹೇಳಿದೆನಲ್ಲ? ಖಲಾಸ್! ಮಾಫಿ ಟೆಸ್ಟ್!" ಎಂದರು, ಮುಗಿಯಿತು, ಪರೀಕ್ಷೆ ಇಲ್ಲ ಎಂದು. ಮೊರಿತ ಸಾನ್ ಚೀಟಿಯನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದವರೆಗೆ ಬಾಗಿ ನಿಂತುಬಿಟ್ಟರು.

ಹಾನಿ ಗಾಬರಿಯಿಂದ ಎದ್ದರು. "ಇವರಿಗೆ ಏನಾಯಿತು? ಹೊಟ್ಟೆನೋವಾ?"

"ಇಲ್ಲ ಸರ್, ಕ್ಷಮೆ ಕೇಳ್ತಿದ್ದಾರೆ" ಎಂದೆ.

"ಟ್ರೈನ್ ಲೇಟಾ?"

"ಇಲ್ಲ. ರೈಲು ಸಮಯಕ್ಕೆ ಸರಿಯಾಗಿತ್ತು" ಎಂದರು ಮೊರಿತ ಸಾನ್, ಬಾಗಿದಲ್ಲಿಂದಲೇ.

"ಮತ್ತೆ ಯಾಕೆ ಬಂದಿರಿ?"

ಚೀಟಿ ಓದಲು ಹೇಳಿದೆ. ಹಾನಿ ಓದಿದರು. ನನ್ನ ಬೆರಳು ನೋಡಿದರು. ಮತ್ತೆ ಓದಿದರು. ಕೊನೆಗೆ ಅವರ ಕಣ್ಣು ಮೊಹರಿನ ಮೇಲೆ ನಿಂತಿತು. ಆ ಮೊಹರು ನೋಡಿದ ಮೇಲೆ ಆ ಮನುಷ್ಯನ ಧ್ವನಿಯೇ ಬದಲಾಯಿತು. ಬಾಗಿಲು ಮುಚ್ಚಿ, ನಮಗೆ ಚಹಾ ತರಿಸಿ, ನಿಜ ಸಂಗತಿ ಹೇಳಿದರು.

ಆ ದಿನ ಪರೀಕ್ಷೆಗೆ ಎಂಟು ಮಂದಿ ಬರಬೇಕಿತ್ತು. ಹಿಂದಿನ ಸಲ ವ್ಯಾನು ತಡವಾಗಿ ಹೋಗಿ ಹಾನಿ ಬೈಸಿಕೊಂಡಿದ್ದರು. ಹಾಗಾಗಿ ಈ ಸಲ ಏನೇ ಆದರೂ ಎಂಟಕ್ಕೆ ಹೊರಡಬೇಕೆಂದು ಡ್ರೈವರನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಎಂಟು ಮಂದಿಯೂ ತಡ, ಬಸವರಾಜನನ್ನು ಬಿಟ್ಟು ಉಳಿದವರೆಲ್ಲ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡು ತಡವಾದವರೆಂದು ಹಾನಿ ತಿಳಿದಿದ್ದರು. ವ್ಯಾನು ಮಾತ್ರ ಸರಿಯಾಗಿ ಎಂಟಕ್ಕೆ, ಒಬ್ಬನೂ ಇಲ್ಲದೆ ಹೊರಟು, ಪರೀಕ್ಷೆಯ ಜಾಗಕ್ಕೆ ಮುಟ್ಟಿ, ಖಾಲಿಯಾಗಿಯೇ ಮರಳಿತ್ತು. ಬಂದ ಏಳು ಮಂದಿಗೂ ಖಲಾಸ್ ಎಂದು ಹೇಳಿಯಾಗಿತ್ತು. ಅವರು ಕಟ್ಟಡದ ಹಿಂದೆ ನೆರಳಿನಲ್ಲಿ ಕುಳಿತೇ ಇದ್ದರು. ಈಗ ಮೇಲಿನವರು, ವೆಲ್ಡರ್‌ಗಳೆಲ್ಲಿ ಎಂದು ಹಾನಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದರು.

"ನಿಮ್ಮ ಈ ಕಾಗದದಲ್ಲಿ ಇನ್ನು ಏಳು ಹೆಸರು ಸೇರಿಸಿ. ನಾನು ಇದನ್ನು ತೋರಿಸಿ ಎಲ್ಲರನ್ನೂ ಮತ್ತೆ ಕಳಿಸುತ್ತೇನೆ. ಇವನಿಗೂ ಕೆಲಸ, ಅವರಿಗೂ ಕೆಲಸ, ನನಗೂ ಕೆಲಸ. ಒಂದೇ ಸಾಲು, ಯಲ್ಲಾ, ಬೇಗ!" ಎಂದು ಪೆನ್ನು ಮುಂದೆ ಚಾಚಿದರು.

ಮೊರಿತ ಸಾನ್ ಪೆನ್ನು ಮುಟ್ಟಲಿಲ್ಲ. "ಅವರು ರಸ್ತೆಯಲ್ಲಿ ತಡವಾದವರು. ರಸ್ತೆ ನಮ್ಮದಲ್ಲ."

"ಒಬ್ಬನ ಹೆಸರಿಗಾಗಿ ನಾನು ಕಂಪನಿಯ ನಿಯಮ ಮುರಿಯಲಾರೆ. ಎಂಟು ಹೆಸರು, ಇಲ್ಲವೇ ಯಾವುದೂ ಇಲ್ಲ" ಎಂದು ಹಾನಿ ಕೈ ಕಟ್ಟಿ ಕುಳಿತರು.

ಬಸವರಾಜನಿಗೆ ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿಯಿತು. ಫೈಲನ್ನು ಮಡಿಲಿನಿಂದ ಎತ್ತಿಕೊಂಡು, "ಹೋಗ್ಲಿ ಬಿಡ್ರಿ ಅಕ್ಕಾರ. ಸಾಹೇಬ್ರು ಇಷ್ಟ ದೂರ ಬಂದ್ರಲ್ಲ, ಅಷ್ಟ ಸಾಕು" ಎಂದು ಎದ್ದ. ಆ ಮಾತಿಗೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಕಟ್ಟಡದ ಹಿಂದಕ್ಕೆ ಹೋದೆ. ಏಳು ಮಂದಿ ಗೋಡೆಗೆ ಒರಗಿ ಕುಳಿತಿದ್ದರು. "ನೀವು ಯಾರ‍್ಯಾರು ಹೇಗೆ ಬಂದಿರಿ?" ಎಂದು ಹಿಂದಿಯಲ್ಲಿ ಕೇಳಿದೆ. ಐದು ಮಂದಿ ಒಂದೇ ಕಾರಿನಲ್ಲಿ ಬಂದವರು. ಉಳಿದ ಇಬ್ಬರು ನೇಪಾಳದವರು, ಮೆಟ್ರೊದಲ್ಲಿ ಬಂದವರು.

"ಎಲ್ಲಿ ಹತ್ತಿದ್ದು?"

ನಮ್ಮ ನಿಲ್ದಾಣದ ಹೆಸರು ಹೇಳಿದರು. ಅವರಲ್ಲಿ ಒಬ್ಬ ನನ್ನನ್ನು ದಿಟ್ಟಿಸಿ ನೋಡಿ, "ನೀವೇ ಅಲ್ಲವೇ ಕೂಗಿದ್ದು? ಎಲ್ಲರೂ ಹತ್ತಿದರು, ನಾವೂ ಹತ್ತಿದೆವು" ಎಂದ.

ಹದಿನಾಲ್ಕು ವರ್ಷ ಬಸ್ಸಿನಲ್ಲಿ ಮಕ್ಕಳು ಕಳೆದುಹೋಗದಂತೆ ನೋಡಿಕೊಂಡವಳು ನಾನು. ಆ ಒಂದು ಬೆಳಿಗ್ಗೆ ದಾರಿ ತಪ್ಪಿಸಿದವರ ಸಂಖ್ಯೆ ಏರುತ್ತಾ ಹೋದಂತೆ ನನಗೆ ಆದ ಸಂತೋಷ ಹೇಳತೀರದು. ಇಬ್ಬರನ್ನೂ ಕೈ ಹಿಡಿದು ಎಳೆದುಕೊಂಡು ಒಳಗೆ ಬಂದೆ. "ಸರ್, ಇವರೂ ನಮ್ಮವರೇ! ಇವರನ್ನೂ ನಾನೇ ಹಾಳು ಮಾಡಿದ್ದು!"

ಮೊರಿತ ಸಾನ್ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ಎಲ್ಲಿ ನಿಂತಿದ್ದಿರಿ, ಯಾವ ಬಾಗಿಲು, ಯಾವ ಕೈ. ತೃಪ್ತಿಯಾದ ಮೇಲೆ ಇನ್ನೆರಡು ಹೆಸರು ಸೇರಿಸಿ ಮೊಹರು ಒತ್ತಿದರು. "ಮೂರು. ಇದಕ್ಕಿಂತ ಹೆಚ್ಚು ನಾವು ತಡ ಮಾಡಿಲ್ಲ" ಎಂದರು.

ಹಾನಿ ಮೂರು ಹೆಸರುಗಳನ್ನು ನೋಡಿ, ಮೊಹರು ನೋಡಿ, ಉಸಿರು ಬಿಟ್ಟರು. ಮೂವರಿಗಾಗಿ ವ್ಯಾನು ಕಳಿಸುವುದಕ್ಕೆ ಈ ಕಾಗದ ಸಾಕೆಂದು ಫೋನಿನಲ್ಲಿ ಯಾರನ್ನೋ ಒಪ್ಪಿಸಿದರು. ಮಲಗಿದ್ದ ಡ್ರೈವರನನ್ನು ಎಬ್ಬಿಸಿದರು. ಬಸವರಾಜ ಹತ್ತಿದ, ನೇಪಾಳದವರು ಹತ್ತಿದರು. ಅವರ ಹಿಂದೆ, ಯಾರೂ ಏನೂ ಹೇಳದೆ, ಉಳಿದ ಐದು ಮಂದಿಯೂ ಹತ್ತಿ ಕುಳಿತರು. ಹಾನಿ ಆಕಾಶ ನೋಡುತ್ತಿದ್ದರು. ನಾನು ಭಯದಿಂದ ಮೊರಿತ ಸಾನ್ ಮುಖ ನೋಡಿದೆ.

"ವ್ಯಾನು ನಮ್ಮ ಇಲಾಖೆಯದಲ್ಲ" ಎಂದು ಅವರು ಗವಸು ಸರಿಮಾಡಿಕೊಂಡರು.

ಮೊರಿತ ಸಾನ್ ಚೀಟಿಯ ಪ್ರತಿಯನ್ನು ತಾವಾಗಿಯೇ ಮೇಲಿನ ಆಫೀಸಿಗೆ ಕಳಿಸಿದರು. ಅಲ್ಲಿ ಅದನ್ನು ಯಾವ ಫೈಲಿಗೆ ಸೇರಿಸುವುದೆಂದು ಬಹಳ ದಿನ ಚರ್ಚೆಯಾಯಿತಂತೆ. ಕೊನೆಗೆ ಒಂದು ಆದೇಶ ಬಂತು. ಸಿಬ್ಬಂದಿ ಬೆರಳು ತೋರಿಸುವುದನ್ನು ಮುಂದುವರಿಸತಕ್ಕದ್ದು, ಆದರೆ ಬೆರಳು ಯಾವುದೇ ದಿಕ್ಕನ್ನು ಸೂಚಿಸದಂತೆ ನೋಡಿಕೊಳ್ಳತಕ್ಕದ್ದು. ಕೂಗನ್ನು ಮೌನವಾಗಿ ಕೂಗತಕ್ಕದ್ದು. ನಾವು ಅದನ್ನೂ ಮಾಡಿದೆವು. ಬಾಯಿ ತೆರೆದು, ಸದ್ದು ಮಾಡದೆ, ಬೆರಳನ್ನು ಎದೆಯ ಹತ್ತಿರ ಮಡಚಿ ಹಿಡಿದು ನಿಲ್ಲುವುದು. ಒಂದು ದಿನ ಒಬ್ಬ ಕತಾರಿ ಹೆಂಗಸು ಓಡಿಬಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತನ್ನ ನೀರಿನ ಬಾಟಲಿಯನ್ನು ನನ್ನ ಬಾಯಿಗೆ ಹಿಡಿದಳು. ಒಂದು ತಿಂಗಳ ಬಳಿಕ ಇನ್ನೊಂದು ಆದೇಶ ಬಂದು, ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರೆ ಸಾಕೆಂದಾಯಿತು. ಹೊಸದಾಗಿ ಸೇರುವವರಿಗೆ ಈಗ ಅದನ್ನೇ ಕಲಿಸುತ್ತಾರೆ. ಯಾಕೆ ಹಾಗೆ ಎಂದು ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಇ‌ಷ್ಟು ಬರೆದೆ.

ಪರೀಕ್ಷೆಯಲ್ಲಿ ಎಂಟರಲ್ಲಿ ಐವರು ಪಾಸಾದರು, ಅವರಲ್ಲಿ ಬಸವರಾಜನೂ ಒಬ್ಬ. ಕಾಗದಪತ್ರಗಳೆಲ್ಲ ಮುಗಿದ ಮೇಲೆ ಊರಿನಿಂದ ಬಂದವರ ಕೈಯಲ್ಲಿ ತರಿಸಿದ ಕರದಂಟು ಹಿಡಿದುಕೊಂಡು ನಿಲ್ದಾಣಕ್ಕೆ ಬಂದ. ಮೊರಿತ ಸಾನ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಕೆಲಸಕ್ಕೆ ಯಾವ ರೈಲಿನಲ್ಲಿ ಹೋಗುತ್ತಾರೆ ಕೇಳಿ" ಎಂದರು ನನ್ನ ಹತ್ತಿರ.

"ರೈಲ್ ಬೇಕಾಗಂಗಿಲ್ರಿ ಇನ್ನ" ಎಂದ ಬಸವರಾಜ ಹಿಗ್ಗಿನಿಂದ. "ಕಂಪನಿ ಬಸ್ಸ ಐತ್ರಿ. ರೂಮಿನ ಮುಂದ ಬಂದು ಕರಕೊಂಡ ಹೊಕ್ಕಾರ, ರೂಮಿನ ಮುಂದ ತಂದ ಬಿಡ್ತಾರ."

ನಾನು ಹಾಗೆಯೇ ತಿಳಿಸಿದೆ. ಮೊರಿತ ಸಾನ್ ಅಗಿಯುವುದನ್ನು ನಿಲ್ಲಿಸಿದರು. "ಒಳ್ಳೆಯದು" ಎಂದರು. ಆಮೇಲೆ, ತಮಗೆ ತಾವೇ ಎಂಬಂತೆ, "ಹಾಗಾದರೆ ನಾವು ಒಬ್ಬ ಪ್ರಯಾಣಿಕರನ್ನು ಕಳೆದುಕೊಂಡೆವು" ಎಂದರು.

"ಏನಂದ್ರಿ ಸಾಹೇಬ್ರು?" ಎಂದು ಬಸವರಾಜ ಕೇಳಿದ. ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ಅವನ ಮುಖ ಚಿಕ್ಕದಾಯಿತು.

ಮುಂದಿನ ಶುಕ್ರವಾರ ಸಂಜೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಗೇಟಿನಲ್ಲಿ ಕಾರ್ಡು ತೋರಿಸಿ ಒಳಗೆ ಬಂದ.

"ಎಲ್ಲಿಗೆ ಬಸವರಾಜ?"

"ಎಲ್ಲಿಗೂ ಇಲ್ರಿ ಅಕ್ಕಾರ. ಕೊನೀ ಸ್ಟೇಷನ್ ತನಕ ಹೋಗಿ ತಿರುಗಿ ಬರ್ತೀನಿ. ಸಾಹೇಬ್ರಿಗೆ ಬ್ಯಾಸರ ಆಗಬಾರದಲ್ರಿ."

ನಾನು ಕೋಣೆಗೆ ಹೋಗಿ ಹೇಳಿದೆ. ಮೊರಿತ ಸಾನ್ ಕೈಯಲ್ಲಿದ್ದ ಕಾಗದ ಕೆಳಗಿಟ್ಟು, ಗವಸು ಹಾಕಿಕೊಂಡು, ಮೇಲೆ ಪ್ಲಾಟ್‌ಫಾರ್ಮಿಗೆ ಬಂದರು. ಸಂಜೆಯ ರೈಲು ತುಂಬಿತ್ತು. ಬಸವರಾಜ ಬಾಗಿಲ ಪಕ್ಕ ಜಾಗ ಮಾಡಿಕೊಂಡು ನಿಂತ. ರೈಲು ಹೊರಟಿತು. ಅದರ ಕೊನೆಯ ಕಿಟಕಿ ಮರಳಿನಾಚೆ ಮರೆಯಾಗುವ ತನಕ ಮೊರಿತ ಸಾನ್ ಟೋಪಿ ತೆಗೆದು ಹಿಡಿದು ನಿಂತಿದ್ದರು. ಕೆಳಗೆ ಹೋಗುವ ಎಂದು ನಾನು ಕರೆದಾಗ ತಲೆಯಾಡಿಸಿ ಬೆಂಚಿನ ಮೇಲೆ ಕುಳಿತರು.

"ನೀವು ಹೋಗಿ" ಎಂದರು. "ಅವರು ಮರಳಿ ಬರುವಾಗ ಇಲ್ಲಿ ಯಾರಾದರೂ ಇರಬೇಕು."